ಕ್ಯಾಪ್‌ಗಿಂತ 19 ಮಿಲಿಯನ್ ಮೇಲಿರೋ ಎನ್‌ಎಫ್‌ಎಲ್ ತಂಡ: ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದು ಮೊದಲು, ಯಾವುದು ಆಮೇಲೆ?

ಲೆಕ್ಕಪತ್ರ_51

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸೀಸನ್‌ಗೆ ಮುಂಚೆ ಸ್ಯಾಲರಿ ಕ್ಯಾಪ್ (ಆಟಗಾರರ ಲೆಕ್ಕದಲ್ಲಿ ತಂಡ ವರ್ಷಕ್ಕೆ ದಾಟಬಾರದ ಮಿತಿ) ಹೊಂದಿಸೋ ಕೆಲಸವನ್ನ ಒಂದು ಹಾಳೆ ಇಟ್ಕೊಂಡು ಪೂರ್ತಿ ಮಾಡಿ ನೋಡೋಣ ಅಂತ ಈ ಚರ್ಚೆ ತೆಗೆದಿದ್ದೀನಿ. ತಂಡ, ಆಟಗಾರರು ಕಾಲ್ಪನಿಕ. ನಿಯಮಗಳು, ಲೀಗ್ ಕ್ಯಾಪ್, ಕನಿಷ್ಠ ಸಂಬಳ ಮಾತ್ರ 2025ರ ನಿಜವಾದ ಅಂಕಿಗಳು. ಮೊತ್ತಗಳೆಲ್ಲ ಮಿಲಿಯನ್ ಡಾಲರ್‌ನಲ್ಲಿ.

ಲೀಗ್ ಕ್ಯಾಪ್ 279.2. ಹಿಂದಿನ ವರ್ಷ ಖರ್ಚಾಗದೆ ಮುಂದಕ್ಕೆ ಬಂದದ್ದು 6.8. ಹಾಗಾಗಿ ನಮ್ಮ ತಂಡದ ಮಿತಿ 286.0. ಟಾಪ್ 51 ಆಟಗಾರರ ಲೆಕ್ಕ 291.4, ಡೆಡ್ ಮನಿ (ತಂಡದಲ್ಲಿ ಈಗ ಇಲ್ಲದವರ ಹೆಸರಲ್ಲಿ ಉಳಿದ ಕ್ಯಾಪ್ ಲೆಕ್ಕ) 13.6, ಒಟ್ಟು 305.0. ಅಂದ್ರೆ 19.0 ಮೇಲಿದ್ದೀವಿ. ಲೀಗ್ ವರ್ಷ ಶುರುವಾಗೋ ದಿನ ಸಂಜೆ 4ರೊಳಗೆ ಕೆಳಗಿಳೀಬೇಕು.

ಕೈ ಹಾಕಬಹುದಾದ ಒಪ್ಪಂದಗಳು ಇವು (ಕ್ವಾರ್ಟರ್‌ಬ್ಯಾಕ್, ಎಡ್ಜ್ ರಷರ್ ಮುಂತಾದವು ಆಡೋ ಜಾಗಗಳ ಹೆಸರು):

ಕ್ವಾರ್ಟರ್‌ಬ್ಯಾಕ್, 28 ವರ್ಷ, ಆರು ಸೀಸನ್ ಅನುಭವ. ಬೇಸ್ ಸಂಬಳ 32.0, ಪೂರ್ತಿ ಗ್ಯಾರಂಟಿ (ಕಟ್ ಮಾಡಿದ್ರೂ, ಅಂದ್ರೆ ತಂಡದಿಂದ ಬಿಟ್ರೂ, ಕೊಡಲೇಬೇಕು). ಹಳೇ ಬೋನಸ್ಸಿನ ಕಂತು (ಬೋನಸ್ ಮೊದಲೇ ಕೊಟ್ಟಿದ್ರೂ ಕ್ಯಾಪ್‌ನಲ್ಲಿ ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯೋ ಪಾಲು) ವರ್ಷಕ್ಕೆ 9.0. ಒಪ್ಪಂದ 2028ರವರೆಗೆ.
ಎಡ್ಜ್ ರಷರ್, 31 ವರ್ಷ. ಬೇಸ್ 14.0, ಗ್ಯಾರಂಟಿ ಇಲ್ಲ. ಬೋನಸ್ ಕಂತು 4.0, 2027ರವರೆಗೆ.
ಕಾರ್ನರ್‌ಬ್ಯಾಕ್, 29 ವರ್ಷ. ಕೊನೇ ವರ್ಷ, ಬೇಸ್ 9.0, ಗ್ಯಾರಂಟಿ ಇಲ್ಲ, ಕಂತು ಬಾಕಿ ಇಲ್ಲ.
ಲೆಫ್ಟ್ ಟ್ಯಾಕಲ್, 26 ವರ್ಷ. ಐದನೇ ವರ್ಷದ ಆಪ್ಷನ್ (ಮೊದಲ ಒಪ್ಪಂದಕ್ಕೆ ತಂಡ ಸೇರಿಸಿಕೊಂಡ ಹೆಚ್ಚುವರಿ ವರ್ಷ), 16.0 ಗ್ಯಾರಂಟಿ.
ರಿಸೀವರ್, 30 ವರ್ಷ, ಎಂಟು ಸೀಸನ್ ಅನುಭವ. ಬೇಸ್ 15.0, ಗ್ಯಾರಂಟಿ ಇಲ್ಲ. ಕಂತು 5.0, 2026ರವರೆಗೆ.

ಹೊರಗಿನಿಂದ ಇಬ್ಬರು ಬೇಕು. ಮೊದಲ ವರ್ಷದ ಕ್ಯಾಪ್ ಲೆಕ್ಕದಲ್ಲಿ ಒಬ್ಬರು 5.0, ಇನ್ನೊಬ್ಬರು 4.0. ಡ್ರಾಫ್ಟ್ (ಹೊಸ ಆಟಗಾರರನ್ನ ತಂಡಗಳು ಸರದಿಯಲ್ಲಿ ಆರಿಸೋದು) ಆದವರೂ ಬರ್ತಾರೆ. ಎಲ್ಲಿಂದ ಶುರು ಮಾಡ್ತೀರಿ?

ನಾಲ್ಕನೇ ಡೌನ್

ಮೊದಲು ಗುರಿ ಸರಿಪಡಿಸಿಕೊಳ್ಳೋಣ. 19.0 ಇಳಿಸಿದರೆ ಮಾರ್ಚ್‌ನ ಆ ಒಂದು ಸಂಜೆ ಪಾಸಾಗುತ್ತೀರಿ, ಸೀಸನ್ ನಡೆಸಲಾಗುವುದಿಲ್ಲ.

ಬೇಸಿಗೆಯಲ್ಲಿ 90 ಜನ ಇದ್ದರೂ ಅತಿ ಹೆಚ್ಚು ಕ್ಯಾಪ್ ಮೊತ್ತದ 51 ಜನರದ್ದು ಮಾತ್ರ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಉಳಿದವರದ್ದು ಬೋನಸ್ ಕಂತು ಮಾತ್ರ. ಸೀಸನ್ ಶುರುವಾದ ಮೇಲೆ ಈ ರಿಯಾಯಿತಿ ಇಲ್ಲ. 53 ಜನ, ಪ್ರಾಕ್ಟೀಸ್ ಸ್ಕ್ವಾಡ್ (ಅಭ್ಯಾಸಕ್ಕೆ ಇಟ್ಟುಕೊಂಡ ಹೆಚ್ಚುವರಿ ಆಟಗಾರರು), ಗಾಯಾಳುಗಳ ಪಟ್ಟಿಯಲ್ಲಿರುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಹಾಗಾಗಿ ಈಗಲೇ ತೆಗೆದಿಡಬೇಕಾದದ್ದು:

52 ಮತ್ತು 53ನೆಯವರು: ಹೊಸಬರ ಕನಿಷ್ಠ ಸಂಬಳ 0.84. ಇಬ್ಬರಿಗೆ 1.68.
ಪ್ರಾಕ್ಟೀಸ್ ಸ್ಕ್ವಾಡ್: 16 ಜನ, ವಾರಕ್ಕೆ 13,000 ಡಾಲರ್, 18 ವಾರ. 3.74. ಅನುಭವಿಗಳನ್ನು ಇಟ್ಟುಕೊಂಡರೆ ಇನ್ನೂ ಹೆಚ್ಚು.
ಗಾಯಾಳುಗಳ ಬದಲಿಗೆ ಬರುವವರು: 4.0. ಇದರಲ್ಲಿ ಜಿಪುಣತನ ಬೇಡ. ಗಾಯಾಳುವಿನ ಸಂಬಳ ನಿಲ್ಲುವುದಿಲ್ಲ, ಅವನ ಜಾಗಕ್ಕೆ ಬಂದವನದ್ದೂ ಸೇರಿಕೊಳ್ಳುತ್ತದೆ.

ಒಟ್ಟು 9.42. ಡ್ರಾಫ್ಟ್ ಆದವರಿಗೆ ನಿವ್ವಳ 4.5 ಇಡಿ.

ಹೊರಗಿನ ಇಬ್ಬರ ಬೆಲೆಯನ್ನು 9.0 ಎಂದು ಬರೆಯಬೇಡಿ. ಒಬ್ಬ ಒಳಗೆ ಬಂದರೆ 51ನೆಯವನು ಪಟ್ಟಿಯಿಂದ ಕೆಳಗೆ ಜಾರುತ್ತಾನೆ. ಅವನು ಒಂದು ಸೀಸನ್ ಅನುಭವದ ಕನಿಷ್ಠ ಸಂಬಳದವನು ಎಂದಿಟ್ಟುಕೊಂಡರೆ 0.96. ಆದ್ದರಿಂದ ನಿವ್ವಳ 4.04, 3.04, ಒಟ್ಟು 7.08.

19.0ಕ್ಕೆ 7.08, 4.5, 9.42 ಸೇರಿಸಿದರೆ 40.0. ನಿಮ್ಮ ನಿಜವಾದ ಗುರಿ ಇದು.

ಕ್ರಮ ಹೀಗಿರಲಿ. ಮೊದಲು, ಕಟ್ ಮಾಡಿದರೆ ಡೆಡ್ ಮನಿ ಉಳಿಯದವರು. ಎರಡನೆಯದು, ಹೇಗಿದ್ದರೂ ಉಳಿಸಿಕೊಳ್ಳಲೇಬೇಕಾದ ಎಳೆಯರ ಒಪ್ಪಂದ ವಿಸ್ತರಣೆ. ಮೂರನೆಯದು, ಹಿರಿಯರ ಜೊತೆ ಸಂಬಳ ಇಳಿಸುವ ಮಾತು. ರಿಸ್ಟ್ರಕ್ಚರ್ (ಈ ವರ್ಷದ ಬೇಸ್ ಅನ್ನು ಬೋನಸ್ ಮಾಡಿ ಮುಂದಿನ ವರ್ಷಗಳಿಗೂ ಹಂಚುವುದು) ಕೊನೆಗೆ, ಅದೂ ಬೇಕಾದಷ್ಟೇ. ತುಂಬಾ ತಂಡಗಳು ಇದನ್ನು ಉಲ್ಟಾ ಮಾಡುತ್ತವೆ. ರಿಸ್ಟ್ರಕ್ಚರ್‌ಗೆ ಒಂದು ಸಹಿ ಸಾಕು, ಆಟಗಾರನಿಗೆ ದುಡ್ಡು ಮುಂಗಡ ಸಿಗುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅನೇಕ ಒಪ್ಪಂದಗಳಲ್ಲಿ ಆಟಗಾರನನ್ನು ಕೇಳದೆಯೇ ಬೇಸ್ ಅನ್ನು ಬೋನಸ್ ಮಾಡುವ ಹಕ್ಕು ತಂಡಕ್ಕಿರುತ್ತದೆ. ಸುಲಭ ಎಂಬ ಕಾರಣಕ್ಕೇ ಅದು ಮೊದಲು ಖರ್ಚಾಗಿ ಹೋಗುತ್ತದೆ.

ಲೆಕ್ಕಪತ್ರ_51

ಒಂದು ತಿದ್ದುಪಡಿ ಸಾರ್. 5.0 ಕಳೆ 0.96 ಅಂದ್ರೆ 4.04 ಸರಿ, 4.0 ಕಳೆ 0.96 ಅಂದ್ರೆ 3.04 ಸರಿ. ಒಟ್ಟು 7.08, ಅದೂ ಸರಿ. ನನ್ನ ಹಾಳೇಲಿ 8.04 ಅಂತ ಹಾಕಿದ್ದೆ, ಒಬ್ಬನನ್ನ ಮಾತ್ರ ಕಳೆದಿದ್ದೆ. ಗುರಿ 40.0 ಅಂತಲೇ ಇಟ್ಕೊಳ್ತೀನಿ.

ಕಾರ್ನರ್ ಕಟ್ ಮಾಡಿದ್ರೆ 9.0 ಬಂತು ಅಂತ ಬರೀಬಹುದಾ?

ನಾಲ್ಕನೇ ಡೌನ್

ಇಲ್ಲ. ಅದೇ ನಿಯಮ ಹಿಂದುಮುಂದಾಗಿ ಅನ್ವಯಿಸುತ್ತದೆ. ಅವನು ಹೊರಗೆ ಹೋದರೆ 52ನೆಯವನು ಮೇಲೇರಿ ಲೆಕ್ಕಕ್ಕೆ ಬರುತ್ತಾನೆ. 9.0 ಕಳೆ 0.96, ನಿವ್ವಳ 8.04.

ಟ್ಯಾಕಲ್‌ದು ಹೀಗೆ ಮಾಡಿ. ಈ ವರ್ಷ ಹೇಗೂ 16.0 ಗ್ಯಾರಂಟಿ, ಅದನ್ನು ತಪ್ಪಿಸಲಾಗುವುದಿಲ್ಲ. ನಾಲ್ಕು ಹೊಸ ವರ್ಷ ಸೇರಿಸಿ, 25.0 ಸೈನಿಂಗ್ ಬೋನಸ್ ಕೊಡಿ, ಈ ವರ್ಷದ ಬೇಸ್ ಅನ್ನು ನಾಲ್ಕರಿಂದ ಆರು ಸೀಸನ್ ಅನುಭವದವರ ಕನಿಷ್ಠವಾದ 1.17ಕ್ಕೆ ಇಳಿಸಿ. ಬೋನಸ್ ಐದು ವರ್ಷಕ್ಕೆ ಹಂಚಿಕೆಯಾಗಿ ವರ್ಷಕ್ಕೆ 5.0. ಐದಕ್ಕಿಂತ ಹೆಚ್ಚು ವರ್ಷಕ್ಕೆ ಹಂಚಲು ನಿಯಮ ಬಿಡುವುದಿಲ್ಲ. ಈ ವರ್ಷದ ಲೆಕ್ಕ 6.17, ಉಳಿತಾಯ 9.83. 26ರ ಲೆಫ್ಟ್ ಟ್ಯಾಕಲ್‌ಗೆ ಮುಂದಿನ ವರ್ಷಗಳ ಕಂತು ಹೊರುವುದು ಭಾರವಲ್ಲ, ಅವನು ಆಡುತ್ತಿರುತ್ತಾನೆ.

ವಿಸ್ತರಣೆ ಕೂಡಿಬರದೆ ಅವನು ಮುಂದಿನ ಮಾರ್ಚ್‌ಗೆ ಮುಕ್ತನಾದರೆ ಫ್ರಾಂಚೈಸ್ ಟ್ಯಾಗ್ (ಲೀಗ್ ಸೂತ್ರದ ಸಂಬಳಕ್ಕೆ ಒಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು) ಹಾಕಬೇಕಾಗುತ್ತದೆ. ಟ್ಯಾಗ್‌ನ ಮೊತ್ತ ಹಾಕಿದ ಕ್ಷಣದಿಂದ ಪೂರ್ತಿ ಕ್ಯಾಪ್‌ನಲ್ಲಿ ಕೂರುತ್ತದೆ, ಹಂಚುವ ದಾರಿ ಇಲ್ಲ. ಎರಡನೇ ಸಲ ಹಾಕಿದರೆ ಹಿಂದಿನ ಮೊತ್ತದ ಶೇ 120. ವಾಷಿಂಗ್ಟನ್ ತಂಡ ಕರ್ಕ್ ಕಸಿನ್ಸ್‌ಗೆ 2016ರಲ್ಲಿ 19.95, 2017ರಲ್ಲಿ 23.94 ಕೊಟ್ಟು, 2018ರಲ್ಲಿ ಅವರನ್ನು ಕಳೆದುಕೊಂಡಿತು.

ಹುಬ್ಳಿ ಬ್ಲಿಟ್ಜ್

ಎಡ್ಜ್ ರಷರ್ ವಿಷಯಕ್ಕ ಬರ್ರಿ. ಇಲ್ಲೇ ಬಾಳ ಮಂದಿ ಎಡವ್ತಾರ.

ಅವನ ಕ್ಯಾಪ್ ಲೆಕ್ಕ 18.0. ಮಾರ್ಚ್‌ನ್ಯಾಗ ಸುಮ್ಮ ಕಟ್ ಮಾಡಿದ್ರ ಬಾಕಿ ಇರೋ ಮೂರೂ ಕಂತು, ಅಂದ್ರ 12.0, ಒಮ್ಮೆಲೆ ಈ ವರ್ಷಕ್ಕ ಬಂದು ಬೀಳ್ತಾವ. ಉಳಿಯೋದು 6.0. ಜೂನ್ 1ರ ನಂತರದ ಕಟ್ ಅಂತ ಗುರುತು ಹಾಕಿ ಬಿಟ್ರ ಈ ವರ್ಷ ಒಂದ ಕಂತು, 4.0. ಉಳಿದ 8.0 ಮುಂದಿನ ವರ್ಷಕ್ಕ. ಉಳಿತಾಯ 14.0. ಒಂದು ತಂಡಕ್ಕ ವರ್ಷಕ್ಕ ಇಂಥಾ ಗುರುತು ಎರಡ ಸಿಗ್ತಾವ.

ಆದ್ರ ಈ 14.0 ಮಾರ್ಚ್‌ನ್ಯಾಗ ಕೈಗೆ ಬರಂಗಿಲ್ರಿ. ಆಟಗಾರ ಮನಿಗೆ ಹೋಗಿರ್ತಾನ, ಬೇರೆ ತಂಡದ ಜೋಡಿ ಸಹಿನೂ ಮಾಡಿರ್ತಾನ, ಆದ್ರ ಅವನ 18.0 ನಿಮ್ಮ ಪುಸ್ತಕದಾಗ ಜೂನ್ 2ರ ತನಕ ಹಂಗ ಕುಂತಿರ್ತದ. ಸಂಜಿ 4ರ ಗಡುವಿಗೆ ಇದರಿಂದ ಒಂದು ಪೈಸೆ ಉಪಯೋಗ ಇಲ್ಲ. ಹಂಗಾಗಿ ಇದನ್ನ ಡ್ರಾಫ್ಟ್ ಹುಡುಗರಿಗೆ, ಸೀಸನ್ ಖರ್ಚಿಗೆ ಅಂತ ಮೀಸಲು ಬರೀರಿ. ನಿವ್ವಳ 13.04.

ಟ್ರೇಡ್‌ಗೆ ಈ ಗುರುತು ನಡಿಯಂಗಿಲ್ಲ. ಕಂತು ಎರಡು ವರ್ಷಕ್ಕ ಒಡೀಬೇಕಂದ್ರ ಟ್ರೇಡ್ ನಿಜವಾಗ್ಲೂ ಜೂನ್ 1 ದಾಟಿದ ಮ್ಯಾಲೆ ಆಗ್ಬೇಕು.

ಡೆನ್ವರ್ ತಂಡ ರಸೆಲ್ ವಿಲ್ಸನ್‌ರನ್ನ 2024ರ ಮಾರ್ಚ್‌ನ್ಯಾಗ ಬಿಟ್ಟದ್ದು ಇದೇ ಗುರುತಿನಿಂದ. ಒಟ್ಟು 85 ಮಿಲಿಯನ್ ಡೆಡ್ ಮನಿ. 53 ಆ ವರ್ಷ, 32 ಮುಂದಿನ ವರ್ಷ. ಅವರಿಗೆ 39 ಮಿಲಿಯನ್ ಸಂಬಳ ಗ್ಯಾರಂಟಿ ಇತ್ತು, ಪಿಟ್ಸ್‌ಬರ್ಗ್ ಕೊಟ್ಟದ್ದು ಕನಿಷ್ಠ ಸಂಬಳ 1.21 ಅಷ್ಟ. ಒಪ್ಪಂದದಾಗ ಆಫ್‌ಸೆಟ್ (ಹೊಸ ತಂಡ ಕೊಟ್ಟಷ್ಟು ಹಳೇ ತಂಡದ ಬಾಕಿ ಕಡಿಮಿ ಆಗೋ ಷರತ್ತು) ಇದ್ದದ್ದಕ್ಕ ಡೆನ್ವರ್‌ಗೆ ಉಳಿದದ್ದೂ ಅಷ್ಟ. ಅಷ್ಟು ಹೊರೆ ಹೊತ್ತೂ ಆ ತಂಡ ಅದೇ ವರ್ಷ 10-7 ಮಾಡಿ ಪ್ಲೇಆಫ್ ಮುಟ್ಟಿತು. ಕಾರಣ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಹೊಸಬ, ಸಂಬಳ ಕಡಿಮಿ. ಡೆಡ್ ಮನಿ ನುಂಗೂದಾದ್ರ ಅಗ್ಗದ ಕ್ವಾರ್ಟರ್‌ಬ್ಯಾಕ್ ಇರೋ ವರ್ಷದಾಗ ನುಂಗ್ಬೇಕು.

ಲೆಕ್ಕಪತ್ರ_51

ಹಾಗಾದ್ರೆ ಒಂದು ನೇರ ಪ್ರಶ್ನೆ. ಕ್ವಾರ್ಟರ್‌ಬ್ಯಾಕ್‌ದು 32.0ರಲ್ಲಿ 1.17 ಬಿಟ್ಟು 30.83 ಪೂರ್ತಿ ಬೋನಸ್ ಮಾಡಿ ನಾಲ್ಕು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 7.71. ಒಂದೇ ಏಟಿಗೆ 23.12 ಉಳಿಯುತ್ತೆ. 19.0ರ ಗಡುವು ಅಲ್ಲೇ ಮುಗೀತು. ಎಡ್ಜ್, ಕಾರ್ನರ್ ಇಬ್ಬರನ್ನೂ ಇಟ್ಕೊಳ್ಳಬಹುದಲ್ಲ?

ನೈನರ್ಸ್ ಅಕ್ಕ

ಇಟ್ಕೊಳ್ಳಬಹುದು, ಈ ವರ್ಷ. 2026, 27, 28ರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕಕ್ಕೆ ತಲಾ 7.71 ಹೆಚ್ಚಾಗುತ್ತೆ. ಆಗ ಎಡ್ಜ್‌ಗೆ 32-33 ವರ್ಷ.

ಐಪಿಎಲ್ ಪರ್ಸ್ ಲೆಕ್ಕ ಗೊತ್ತಿರೋರಿಗೆ ಈ ವ್ಯತ್ಯಾಸ ಮುಖ್ಯ. 2025ರ ಹರಾಜಿಗೆ ಮುಂಚೆ ಆರ್‌ಸಿಬಿ ಕೊಹ್ಲಿಗೆ 21 ಕೋಟಿ, ಪಾಟಿದಾರ್‌ಗೆ 11, ಯಶ್ ದಯಾಳ್‌ಗೆ 5 ಕೊಟ್ಟು ಉಳಿಸಿಕೊಂಡಿತು. 120ರಲ್ಲಿ 37 ಹೋಯ್ತು, 83 ಉಳೀತು, ಕಥೆ ಮುಗೀತು. ಎನ್‌ಎಫ್‌ಎಲ್‌ನಲ್ಲಿ ದುಡ್ಡು ಕೊಡೋ ದಿನ ಬೇರೆ, ಅದು ಕ್ಯಾಪ್‌ಗೆ ಬರೋ ದಿನ ಬೇರೆ. ಕೊಟ್ಟ ಪ್ರತಿ ಡಾಲರ್ ಯಾವುದಾದರೊಂದು ವರ್ಷದ ಕ್ಯಾಪ್‌ನಲ್ಲಿ ಕೂರಲೇಬೇಕು. ರಿಸ್ಟ್ರಕ್ಚರ್ ಬಡ್ಡಿಯಿಲ್ಲದ ಕೈಗಡ, ಅಸಲು ಮಾತ್ರ ಬಿಡೋದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ 2025ರ ಮಾರ್ಚ್ ಹತ್ತಿರದಿಂದ ನೋಡಿ. ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೆಯವರು. ವರ್ಷಕ್ಕೆ ಒಂದು ಮಿಲಿಯನ್ ಆಸುಪಾಸಿನ ಸಂಬಳಕ್ಕೆ ಆಡ್ತಾ ಇದ್ದಷ್ಟು ದಿನ ಉಳಿದ ಜಾಗಗಳಿಗೆ ದೊಡ್ಡ ಒಪ್ಪಂದ ಕೊಡೋಕೆ ಆಯ್ತು, ಹಿಂದಿನ ಬೋನಸ್‌ಗಳನ್ನ ಮುಂದಕ್ಕೆ ತಳ್ಳೋಕೂ ಆಯ್ತು. 2025ರ ಮೇನಲ್ಲಿ ಅವರಿಗೆ ಐದು ವರ್ಷಕ್ಕೆ 265 ಮಿಲಿಯನ್. ಅದಕ್ಕೆ ಮುಂಚೆಯೇ ಮಾರ್ಚ್‌ನಲ್ಲಿ ರಿಸೀವರ್ ಡೀಬೋ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ ಟ್ರೇಡ್ ಆದರು, ಬದಲಿಗೆ ಸಿಕ್ಕಿದ್ದು ಒಂದು ಐದನೇ ಸುತ್ತಿನ ಆಯ್ಕೆ. ಅವರು ತಂಡದಲ್ಲೇ ಇದ್ದಿದ್ದರೆ ಆ ವರ್ಷದ ಕ್ಯಾಪ್ ಲೆಕ್ಕ ಸುಮಾರು 16 ಮಿಲಿಯನ್. ಕಳಿಸಿದ್ದಕ್ಕೆ ಬಂದ ಡೆಡ್ ಮನಿ ಸುಮಾರು 31. ಅಂದ್ರೆ ಆಟಗಾರನೂ ಇಲ್ಲ, ಆ ವರ್ಷದ ಕ್ಯಾಪ್ ಮೇಲೆ ಹೊರೆ ಹದಿನೈದರಷ್ಟು ಜಾಸ್ತಿ. ಹಿಂದೆ ತಳ್ಳಿದ ಕಂತುಗಳೆಲ್ಲ ಒಂದೇ ದಿನ ಬಾಗಿಲಿಗೆ ಬಂದ ರೀತಿ ಅದು. ನೋಡೋಕೆ ನಿಜವಾಗ್ಲೂ ಸಂಕಟ ಆಗುತ್ತೆ, ಆದರೆ ತಡ ಮಾಡಿದ್ದರೆ ಇನ್ನೂ ದುಬಾರಿ ಆಗ್ತಿತ್ತು.

ನಿಮ್ಮ ಹಾಳೇಲಿ ಅದನ್ನೇ ಪರೀಕ್ಷೆ ಮಾಡಿ. 30.83 ಪೂರ್ತಿ ತಳ್ಳಿ, 2027ರ ಮಾರ್ಚ್‌ನಲ್ಲಿ ಈ ಕ್ವಾರ್ಟರ್‌ಬ್ಯಾಕ್ ಬೇಡ ಅನ್ನಿಸಿತು ಅಂತಿಟ್ಕೊಳ್ಳಿ. ಹಳೇ ಕಂತು ಎರಡು, 18.0. ಹೊಸದು ಎರಡು, 15.42. ಒಟ್ಟು 33.4 ಡೆಡ್ ಮನಿ. 16.0 ಮಾತ್ರ ತಳ್ಳಿದರೆ ವರ್ಷಕ್ಕೆ 4.0, ಈ ವರ್ಷ 12.0 ಉಳಿಯುತ್ತೆ, 2027ರ ಡೆಡ್ ಮನಿ 26.0. ಅಟ್ಲಾಂಟಾ 2022ರಲ್ಲಿ ಮ್ಯಾಟ್ ರಯಾನ್‌ರನ್ನ ಕಳಿಸಿದಾಗ ಹೊತ್ತದ್ದು 40.5.

16.0 ಸಾಕು. ಕಾರ್ನರ್ ಕಟ್, ಎಡ್ಜ್‌ಗೆ ಜೂನ್ ಗುರುತು.

ಲೆಕ್ಕಪತ್ರ_51

ಸರಿ ಅಕ್ಕ, ಒಪ್ಪಿದೆ. ಹಾಗಾದ್ರೆ ಮಾರ್ಚ್ ಗಡುವಿನ ಲೆಕ್ಕ: ಕಾರ್ನರ್ 8.04, ಟ್ಯಾಕಲ್ 9.83, ಕ್ವಾರ್ಟರ್‌ಬ್ಯಾಕ್ 12.0. ಒಟ್ಟು 29.87. 19.0 ಕಳೆದ್ರೆ 10.87 ಕೆಳಗಿದ್ದೀವಿ. ಹೊರಗಿನ ಇಬ್ಬರಿಗೆ 7.08 ಹೋದ್ರೆ 3.79 ಉಳಿಯುತ್ತೆ. ಜೂನ್ 2ಕ್ಕೆ 13.04 ಬರುತ್ತೆ.

ರಿಸೀವರ್‌ನ ಇನ್ನೂ ಮುಟ್ಟಿಲ್ಲ. 13.745 ಬೋನಸ್ ಮಾಡಿ, ಮೂರು ವಾಯ್ಡ್ ಇಯರ್ ಸೇರಿಸಿ ಐದಕ್ಕೆ ಹಂಚಿದ್ರೆ ವರ್ಷಕ್ಕೆ 2.75, ಉಳಿತಾಯ 11.0.

ಕರಾವಳಿ_ಕ್ಯಾಪ್

ಬೇಡ ಮಾರಾಯ್ರೆ. ವಾಯ್ಡ್ ಇಯರ್ ಎಂದರೆ ಆಟಗಾರ ಆಡದ, ಕಂತು ಹಂಚುವುದಕ್ಕೆಂದೇ ಬರೆದ ವರ್ಷ. 2026ರ ಸೀಸನ್ ಮುಗಿದು ಒಪ್ಪಂದ ತಾನಾಗಿ ರದ್ದಾದಾಗ ಆ ಮೂರು ಕಂತು, 8.25, ಒಟ್ಟಿಗೆ 2027ಕ್ಕೆ ಬರುತ್ತದೆ. 32 ವರ್ಷದ ರಿಸೀವರ್‌ಗೆ, ಅವರು ಬೇರೆ ಕಡೆ ಆಡುತ್ತಿರುವಾಗ.

ಇವರ ಜೊತೆ ಸಂಬಳ ಇಳಿಸುವ ಮಾತಾಡಬೇಕು. ನಿಮ್ಮ ಕೈಯಲ್ಲಿ ಬಲ ಇದೆ: ಕಟ್ ಮಾಡಿದರೆ 10.0 ಡೆಡ್ ಮನಿ, 10.0 ಉಳಿತಾಯ. ಅವರ ಏಜೆಂಟ್‌ಗೂ ಈ ಲೆಕ್ಕ ಬಾಯಿಪಾಠ. 15.0 ಬೇಸ್ ಅನ್ನು 9.0ಕ್ಕೆ ಇಳಿಸಿ. ಅದರಲ್ಲಿ 6.0 ಗ್ಯಾರಂಟಿ ಮಾಡಿ. ಗ್ಯಾರಂಟಿ ಕೊಡದೆ ಇಳಿಸಿ ಎಂದರೆ ಯಾರೂ ಒಪ್ಪುವುದಿಲ್ಲ, ಯಾಕೆಂದರೆ ಆಗಸ್ಟ್‌ನಲ್ಲಿ ಮತ್ತೆ ಕಟ್ ಮಾಡಬಹುದು ಎಂದು ಅವರಿಗೂ ಗೊತ್ತು. ಕಳೆದುಕೊಂಡ 6.0ರಲ್ಲಿ 4.0 ಇನ್ಸೆಂಟಿವ್ ಮೂಲಕ ಗಳಿಸಿಕೊಳ್ಳಲು ಬಿಡಿ.

ಇನ್ಸೆಂಟಿವ್ ಬರೆಯುವುದರಲ್ಲೇ ಜಾಣತನ ಬೇಕು. ಕಳೆದ ವರ್ಷ ಮುಟ್ಟಿದ ಗುರಿಯನ್ನೇ ಬರೆದರೆ ಅದು ಆಗುವ ಸಾಧ್ಯತೆ ಇರುವುದು ಎಂಬ ಲೆಕ್ಕಕ್ಕೆ ಸೇರಿ ಈ ವರ್ಷದ ಕ್ಯಾಪ್‌ನಲ್ಲೇ ಕೂರುತ್ತದೆ. ಅವರು ಕಳೆದ ವರ್ಷ 62 ಕ್ಯಾಚ್ ಹಿಡಿದಿದ್ದರೆ 60ರ ಗುರಿಗೆ ಬರೆದ ಹಣ ಈಗಲೇ ಲೆಕ್ಕಕ್ಕೆ ಬಂತು. 65, 70, 75 ಎಂದು ಮೆಟ್ಟಿಲು ಮಾಡಿ. ಅವೆಲ್ಲ ಸಾಧ್ಯತೆ ಕಡಿಮೆ ಇರುವ ಸಾಲಿಗೆ ಹೋಗುತ್ತವೆ. ಗಳಿಸಿದರೆ ಮಾತ್ರ 2026ರ ಕ್ಯಾಪ್‌ನಿಂದ ಕಡಿತ.

ಪಂದ್ಯಕ್ಕಿಷ್ಟು ಎಂಬ ಬೋನಸ್ಸಿಗೂ ಇದೇ ಸೂತ್ರ. ಒಂದು ಪಂದ್ಯಕ್ಕೆ 1 ಲಕ್ಷ ಡಾಲರ್, 17 ಪಂದ್ಯಕ್ಕೆ 1.7. ಕಳೆದ ವರ್ಷ 9 ಪಂದ್ಯ ಮಾತ್ರ ಆಡಿದ್ದರೆ ಈಗ 0.9 ಲೆಕ್ಕಕ್ಕೆ. ಹತ್ತನೇ ಪಂದ್ಯ ಆಡಿದ ವಾರದಿಂದ ಉಳಿದದ್ದು ಒಂದೊಂದಾಗಿ ಸೇರುತ್ತದೆ. ಗಾಯದ ಇತಿಹಾಸ ಇರುವ ಕಾರ್ನರ್‌ಗಳಿಗೆ ಇದು ಬಹಳ ಒಳ್ಳೆಯ ಉಪಾಯ.

ಹುಬ್ಳಿ ಬ್ಲಿಟ್ಜ್

ರಿಸೀವರ್ ವಿಷಯದಾಗ ನಿಮ್ಮ ಮಾತು ಖರೆ. ಆದ್ರ ವಾಯ್ಡ್ ಇಯರ್ ಅಂದ್ರ ಸಾಕು ಬ್ಯಾಡ ಅನ್ನೂದನ್ನ ನಾ ಒಪ್ಪಂಗಿಲ್ರಿ. ಲೀಗ್ ಕ್ಯಾಪ್ 2023ಕ್ಕ 224.8, 2024ಕ್ಕ 255.4, 2025ಕ್ಕ 279.2. ಹಿಂಗ ಬೆಳಿಯೋವಾಗ ಎರಡು ವರ್ಷದ ಮ್ಯಾಲಿನ 8 ಮಿಲಿಯನ್ ಇವತ್ತಿನ 8 ಮಿಲಿಯನ್‌ಗಿಂತ ಹಗುರ. ಫಿಲಡೆಲ್ಫಿಯಾದ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಇದನ್ನ ಪದ್ಧತಿ ಮಾಡ್ಯಾರ: ಕನಿಷ್ಠ ಬೇಸ್, ವರ್ಷಾ ವರ್ಷಾ ಆಪ್ಷನ್ ಬೋನಸ್ (ಆಯಾ ವರ್ಷ ಕೊಟ್ಟು ಮುಂದಕ್ಕ ಹಂಚೋದು), ಹಿಂದ ವಾಯ್ಡ್ ಇಯರ್. 2024ರಾಗ ಸೇಕ್ವಾನ್ ಬಾರ್ಕ್ಲಿಗೆ ಮೂರು ವರ್ಷಕ್ಕ 37.75ರ ಒಪ್ಪಂದ ಕೊಟ್ಟು, ಮೊದಲ ವರ್ಷದ ಕ್ಯಾಪ್ ಲೆಕ್ಕ ನಾಲ್ಕರ ಒಳಗ ಇಟ್ರು. ಆ ಸೀಸನ್‌ದ ಸೂಪರ್ ಬೌಲ್ 40-22ಕ್ಕ ಗೆದ್ರು.

ನಾಲ್ಕನೇ ಡೌನ್

ಎರಡೂ ಮಾತು ಒಟ್ಟಿಗೇ ನಿಲ್ಲುತ್ತವೆ. ಫಿಲಡೆಲ್ಫಿಯಾ ಅದನ್ನು ಎಳೆಯರ ಮೇಲೆ, ಮುಂಚಿತವಾಗಿ, ಮೊದಲ ದಿನದಿಂದಲೇ ಯೋಜಿಸಿ ಮಾಡುತ್ತದೆ. ಗಡುವಿನ ವಾರದಲ್ಲಿ 30 ದಾಟಿದವನ ಒಪ್ಪಂದಕ್ಕೆ ಬಾಲ ಅಂಟಿಸುವುದು ಬೇರೆ ಕೆಲಸ. ಜೊತೆಗೆ ಕ್ಯಾಪ್ ಸದಾ ಏರುತ್ತದೆ ಎಂಬ ಭರವಸೆಯೂ ಇಲ್ಲ. ಕೋವಿಡ್ ನಂತರ 198.2ರಿಂದ 182.5ಕ್ಕೆ ಇಳಿದ 2021ರಲ್ಲಿ, ವರ್ಷಗಳಿಂದ ಮುಂದಕ್ಕೆ ತಳ್ಳುತ್ತಾ ಬಂದಿದ್ದ ನ್ಯೂ ಆರ್ಲಿಯನ್ಸ್‌ಗೆ ಆದ ಪೆಟ್ಟು ದೊಡ್ಡದು. ಡ್ರೂ ಬ್ರೀಸ್ ನಿವೃತ್ತಿಗೆ ಮುಂಚೆ ತಮ್ಮ ಬೇಸ್ ಅನ್ನು ಕನಿಷ್ಠಕ್ಕೆ, 1.075ಕ್ಕೆ, ಇಳಿಸಿಕೊಟ್ಟರೂ ಆ ತಂಡ ಒಳ್ಳೊಳ್ಳೆ ಆಟಗಾರರನ್ನು ಬಿಡಬೇಕಾಯಿತು.

ಈಗ ಯಾರೂ ಎತ್ತದ ವಿಷಯ: ತಾರೀಖುಗಳು. ನಿಮ್ಮ ಹಾಳೆಯಲ್ಲಿ ಪ್ರತಿ ಒಪ್ಪಂದದ ಪಕ್ಕ ಒಂದು ಕಾಲಂ ಹಾಕಿ, ಗ್ಯಾರಂಟಿ ಯಾವಾಗ ಗಟ್ಟಿಯಾಗುತ್ತದೆ ಎಂದು. ಲೀಗ್ ವರ್ಷದ ಮೂರನೇ ಅಥವಾ ಐದನೇ ದಿನ ರೋಸ್ಟರ್ ಬೋನಸ್ (ಆ ದಿನ ತಂಡದಲ್ಲಿದ್ದರೆ ಸಿಗುವ ಹಣ) ಬೀಳುವುದು, ಅಥವಾ ಸಂಬಳ ಪೂರ್ತಿ ಗ್ಯಾರಂಟಿಯಾಗುವುದು ಸಾಮಾನ್ಯ. ಏಜೆಂಟ್‌ಗಳು ಅದನ್ನು ಬೇಕೆಂದೇ ಹಾಗೆ ಬರೆಸುತ್ತಾರೆ: ತಂಡ ಬೇಗ ನಿರ್ಧಾರ ಮಾಡಲಿ, ಬಿಡುವುದಾದರೆ ಬೇರೆಯವರ ಜೇಬಿನಲ್ಲಿ ದುಡ್ಡಿರುವಾಗಲೇ ಬಿಡಲಿ ಎಂದು. ರಿಸೀವರ್ ಜೊತೆಗಿನ ಮಾತುಕತೆ ಆ ತಾರೀಖಿಗೆ ಒಂದು ವಾರ ಮುಂಚೆ ಮುಗಿಯಬೇಕು. ದಾಟಿದರೆ ಬಲವೆಲ್ಲ ಅವರ ಕಡೆಗೆ.

ಗಾಯದ ಗ್ಯಾರಂಟಿ ಇನ್ನೊಂದು. ಡೆರೆಕ್ ಕಾರ್‌ಗೆ 2022ರ ಕೊನೆಯ ಎರಡು ಪಂದ್ಯ ಲಾಸ್ ವೇಗಸ್ ಆಡಿಸಲಿಲ್ಲ. ಗಾಯವಾಗಿ ವೈದ್ಯಕೀಯ ಪರೀಕ್ಷೆ ಪಾಸಾಗದಿದ್ದರೆ 40.4 ಮಿಲಿಯನ್ ತಂಡದ ತಲೆಗೆ ಬರುತ್ತಿತ್ತು. 2023ರ ಫೆಬ್ರುವರಿ 15ಕ್ಕೆ ಆ ಮೊತ್ತ ಹೇಗಿದ್ದರೂ ಗ್ಯಾರಂಟಿಯಾಗುವುದಿತ್ತು; 14ಕ್ಕೆ ಬಿಟ್ಟರು. ನಿಮ್ಮ ಎಡ್ಜ್ ರಷರ್ ಡಿಸೆಂಬರ್‌ನಲ್ಲಿ ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ ಮೇಲಿನ 14.0 ಅಷ್ಟು ಸಲೀಸಾಗಿ ಬರುವುದಿಲ್ಲ. ಪರೀಕ್ಷೆ ಪಾಸಾಗದವನನ್ನು ಬಿಟ್ಟರೆ ಗಾಯದ ದಾವೆ ಹೂಡುತ್ತಾನೆ. ಹಾಳೆ ತುಂಬುವ ಮುನ್ನ ವೈದ್ಯರ ವರದಿ ಓದಿ.

ಲೆಕ್ಕಪತ್ರ_51

ಡ್ರಾಫ್ಟ್ ಏಪ್ರಿಲ್ ಕೊನೆಗೆ. ನಮ್ಮ ಹತ್ರ 3.79 ಇರುತ್ತೆ, ಡ್ರಾಫ್ಟ್‌ಗೆ ಬೇಕಾದ್ದು 4.5. ರಿಸೀವರ್ ಒಪ್ಪದೇ ಹೋದ್ರೆ ಮೇನಲ್ಲಿ ಸಿಕ್ಕಿಹಾಕ್ಕೊಳ್ತೀವಾ?

ಕರಾವಳಿ_ಕ್ಯಾಪ್

ಇಲ್ಲ. ಡ್ರಾಫ್ಟ್ ಆದವನು ಸಹಿ ಮಾಡುವವರೆಗೆ ಕನಿಷ್ಠ ಸಂಬಳದ ಟೆಂಡರ್ (ತಂಡ ಮುಂದಿಟ್ಟ ಪ್ರಸ್ತಾಪ) ಮಾತ್ರ, 0.84. ಅದು 51ರ ಒಳಗೇ ಬರುವುದಿಲ್ಲ. ನಾಲ್ಕನೇ ಸುತ್ತು ಮತ್ತು ನಂತರದವರು ಮೇನಲ್ಲೇ ಸಹಿ ಮಾಡಲಿ. ಅವರ ಬೇಸ್ ಪಟ್ಟಿಯ ಕೆಳಗೆ ಉಳಿಯುತ್ತದೆ, ಬೋನಸ್ ಕಂತು ಮಾತ್ರ ಲೆಕ್ಕಕ್ಕೆ. ಮೊದಲ ಮೂರು ಸುತ್ತಿನವರಿಗೆ ಜೂನ್ 2ರ ನಂತರ ಸಹಿ. 2011ರಿಂದ ಹೊಸಬರ ಸಂಬಳ ಆಯ್ಕೆಯ ಸಂಖ್ಯೆಗೆ ಅನುಗುಣವಾಗಿ ನಿಗದಿಯಾಗಿದೆ, ಆದ್ದರಿಂದ ಒಂದು ತಿಂಗಳ ತಡಕ್ಕೆ ಜಗಳ ಬರುವುದಿಲ್ಲ. ಸಹಿ ಆಗುವವರೆಗೂ ಅಭ್ಯಾಸಕ್ಕೆ ಬರಲು ಗಾಯದ ರಕ್ಷಣೆಯ ಪತ್ರ ಕೊಡುತ್ತಾರೆ.

ಹೊರಗಿನಿಂದ ತರುವ ಇಬ್ಬರಲ್ಲಿ ಒಬ್ಬರನ್ನಾದರೂ ಬೇರೆ ತಂಡ ಕಟ್ ಮಾಡಿದವರಲ್ಲಿ ಹುಡುಕಿ. ಒಪ್ಪಂದ ಮುಗಿದು ಬಂದವರನ್ನು ಮಾರ್ಚ್‌ನಲ್ಲಿ ಸೇರಿಸಿಕೊಂಡರೆ, ನಿಮ್ಮಿಂದ ಹೋದವರ ಬದಲಿಗೆ ಮುಂದಿನ ವರ್ಷ ಸಿಗಬೇಕಾದ ಪರಿಹಾರದ ಡ್ರಾಫ್ಟ್ ಆಯ್ಕೆ ಅಳಿಸಿಹೋಗುತ್ತದೆ. ಕಟ್ ಆದವರು ಆ ಲೆಕ್ಕಕ್ಕೆ ಬರುವುದಿಲ್ಲ. ಐದನೇ ಸುತ್ತಿನ ಒಬ್ಬ ಹುಡುಗ ಎಂದರೆ ನಾಲ್ಕು ವರ್ಷದ ಅಗ್ಗದ ಕೆಲಸ. ಮಿತಿಗೆ ಅಂಟಿಕೊಂಡು ಬದುಕುವ ತಂಡಕ್ಕೆ ಅದು ದೊಡ್ಡ ಗಂಟು.

ನೈನರ್ಸ್ ಅಕ್ಕ

ನಗದಿನ ಲೆಕ್ಕವನ್ನೂ ಪಕ್ಕದಲ್ಲಿ ಬರೀರಿ. ಕ್ಯಾಪ್ ನೋಡೋರು ಇದನ್ನ ಮರೀತಾರೆ, ಮಾಲೀಕರು ಮರೆಯಲ್ಲ. ಟ್ಯಾಕಲ್‌ಗೆ ಈ ವರ್ಷ 16.0 ಕೊಡಬೇಕಿತ್ತು, ಈಗ ಬೋನಸ್ ಸೇರಿ 26.17. ಅಂದ್ರೆ 10.17 ಜಾಸ್ತಿ. ಕಾರ್ನರ್ 9.0, ಎಡ್ಜ್ 14.0, ರಿಸೀವರ್ 6.0, ಒಟ್ಟು 29.0 ಉಳೀತು. ಕ್ವಾರ್ಟರ್‌ಬ್ಯಾಕ್‌ಗೆ ವ್ಯತ್ಯಾಸ ಇಲ್ಲ, ಅದೇ 32.0, ಅರ್ಧ ಮುಂಗಡ. ಹಾಗಾಗಿ ಹೊರಗಿನ ಇಬ್ಬರಿಗೆ ಬೋನಸ್ ಕೊಡೋಕೆ ಕೈಯಲ್ಲಿ ನಗದು ಇದೆ. 2024ರಿಂದ 26ರವರೆಗಿನ ಮೂರು ವರ್ಷಕ್ಕೆ ಒಟ್ಟು ಕ್ಯಾಪ್‌ನ ಶೇ 90 ನಗದಾಗಿ ಆಟಗಾರರಿಗೆ ಹೋಗಲೇಬೇಕು ಅನ್ನೋ ನಿಯಮವೂ ಇದೆ. ಇಂಥ ತಂಡಕ್ಕೆ ಅದು ತೊಂದರೆ ಆಗಲ್ಲ.

ಲೆಕ್ಕಪತ್ರ_51

ಪೂರ್ತಿ ಹಾಳೆ ಈಗ ಹೀಗಿದೆ.

ಮಾರ್ಚ್ ಗಡುವು: 10.87 ಕೆಳಗೆ. ಹೊರಗಿನ ಇಬ್ಬರು 7.08. ಉಳಿದದ್ದು 3.79.
ರಿಸೀವರ್ ಸಂಬಳ ಇಳಿಕೆ: 6.0. ಉಳಿದದ್ದು 9.79.
ಜೂನ್ 2, ಎಡ್ಜ್: 13.04. ಉಳಿದದ್ದು 22.83.
ಡ್ರಾಫ್ಟ್: 4.5. ಉಳಿದದ್ದು 18.33.
ಸೀಸನ್ ಮೀಸಲು: 9.42. ಉಳಿದದ್ದು 8.91.

2026ಕ್ಕೆ ಈಗಲೇ ಹೋಗಿರೋದು: ಎಡ್ಜ್ 8.0, ಕ್ವಾರ್ಟರ್‌ಬ್ಯಾಕ್ ಹೊಸ ಕಂತು 4.0, ಟ್ಯಾಕಲ್ ಕಂತು 5.0, ರಿಸೀವರ್ ಗಳಿಸಿದರೆ 4.0ರವರೆಗೆ. ಈ 8.91ನ್ನ ಖರ್ಚು ಮಾಡದೆ ಮುಂದಕ್ಕೆ ಒಯ್ದರೆ ಎಡ್ಜ್‌ನ 8.0 ಸರಿಹೋಗುತ್ತೆ.

ಇಲ್ಲಾಂದ್ರೆ ಆಗಸ್ಟ್‌ನಲ್ಲಿ ಒಬ್ಬ ಅನುಭವಿ ಪಾಸ್ ರಷರ್ ತರಲಾ?

ಹುಬ್ಳಿ ಬ್ಲಿಟ್ಜ್

ತರ್ರಿ, ಆದ್ರ ದಿನ ನೋಡಿ ತರ್ರಿ. ನಾಲ್ಕು ಸೀಸನ್ ಮುಗಿಸಿದವ ಮೊದಲ ವಾರದ ಪಟ್ಟಿಯಾಗ ಇದ್ರ, ಮುಂದ ಬಿಟ್ರೂ ಅವನ ವರ್ಷದ ಬೇಸ್ ಪೂರ್ತಿ ಕೇಳೋ ಹಕ್ಕು ಅವನಿಗಿರ್ತದ. ಎರಡನೇ ವಾರ ಸಹಿ ಮಾಡ್ಸಿದ್ರ ಆ ಭಾರ ಅಷ್ಟಿರಂಗಿಲ್ಲ. ಒಂದ ವರ್ಷದ ಕನಿಷ್ಠ ಸಂಬಳದ ಒಪ್ಪಂದ ಇದ್ರ ಏಳು ಸೀಸನ್ ಮ್ಯಾಲಿನವನಿಗೆ 1.255 ಕೊಟ್ರೂ ಕ್ಯಾಪ್‌ಗೆ ಬರೂದು ಎರಡು ಸೀಸನ್‌ದವನ ಕನಿಷ್ಠ, 1.03. ಉಳಿದದ್ದನ್ನ ಲೀಗ್ ಭರಿಸ್ತದ.

ನಾಲ್ಕನೇ ಡೌನ್

8.91 ಮುಟ್ಟದಿರುವುದೇ ವಾಸಿ, 2026ಕ್ಕೆ ಒಯ್ಯಿರಿ. ನವೆಂಬರ್‌ನಲ್ಲಿ ಗಾಯಗಳು ಮೀಸಲನ್ನು ದಾಟಿದರೆ ಕ್ವಾರ್ಟರ್‌ಬ್ಯಾಕ್‌ನ ಉಳಿದ 16.0 ಬೇಸ್ ಇನ್ನೂ ಕೈಯಲ್ಲಿದೆ. ಆದರೆ ಬೇಸ್ 18 ವಾರದ ಕಂತಿನಲ್ಲಿ ಸಂದಾಯವಾಗುವುದರಿಂದ ಆ ಅವಕಾಶ ವಾರವಾರವೂ ಸಣ್ಣದಾಗುತ್ತದೆ. ಮೊದಲ ಪಂದ್ಯಕ್ಕೆ ಮುನ್ನ 14.83 ಬೋನಸ್ ಮಾಡಿದರೆ 11.12 ಉಳಿಯುತ್ತದೆ. ಒಂಬತ್ತು ವಾರ ಕಳೆದ ಮೇಲೆ ಮಾಡಲಾಗುವುದು 7.415 ಮಾತ್ರ, ಉಳಿತಾಯ 5.56. ಹಾಳೆಯಲ್ಲಿ ಇದನ್ನು ಒಂದೇ ಅಂಕಿಯಾಗಿ ಬರೆಯದೆ 18 ಸಾಲುಗಳಲ್ಲಿ ಬರೆದಿಡಿ.